ಕತ್ತಲಾದ ಮೇಲೆ ಕಾಂಪೌಂಡಿನ ದೀಪ ಆರಿಸು

ಪುಟ್ಟಿ,

ನೀನು ಫೋನಿಗೆ ಕಳಿಸಿದ ಫೋಟೊ ನೋಡಿದೆ. ಸೇವಂತಿಗೆ ಗಿಡ ಮೊಣಕಾಲೆತ್ತರ ಬಂದಿದೆ. ಎಲೆ ಕಡುಹಸಿರು, ಒಂದಕ್ಕೂ ಹುಳ ಬಿದ್ದಿಲ್ಲ. ಆದರೆ ಕಾರ್ತಿಕ ಮುಗಿಯುತ್ತಾ ಬಂದರೂ ಒಂದೇ ಒಂದು ಮೊಗ್ಗಿಲ್ಲ. ‘ಗೊಬ್ಬರ ಕಡಿಮೆಯಾಯಿತೇನಜ್ಜಿ?’ ಎಂದು ಕೇಳಿದ್ದೀಯ. ಗೊಬ್ಬರ ಬೇಕಾದಷ್ಟಿದೆ ಕಣೇ. ಕಡಿಮೆಯಾಗಿರುವುದು ಕತ್ತಲೆ. ಫೋಟೊದ ಮೂಲೆಯಲ್ಲಿ ನಿಮ್ಮ ಕಾಂಪೌಂಡಿನ ಕಂಬ ಕಾಣುತ್ತದೆ, ಅದರ ಮೇಲೊಂದು ಬಿಳಿ ಎಲ್‌ಇಡಿ ದೀಪ. ಸಂಜೆ ಹೊತ್ತಿದ್ದು ಬೆಳಗಾಗುವವರೆಗೂ ಉರಿಯುತ್ತದೆ ಎಂದು ನಿನ್ನ ಗಂಡ ಹೇಳಿದ್ದು ನೆನಪಿದೆ. ಗಿಡ ಆ ದೀಪದ ಬುಡದಲ್ಲೇ ಇದೆ.

ಇಷ್ಟನ್ನು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ, ಕಾಂಪೌಂಡಿನ ಪಕ್ಕ ಒಂದು ಪಟ್ಟಿ ಮಣ್ಣು ಉಳಿಸಿಕೊಂಡಿರುವ ನಿನ್ನ ವಯಸ್ಸಿನವರಿಗೆಲ್ಲ ಹೇಳಬೇಕಾದ ಮಾತು ಇದರಲ್ಲಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದು, ಅವನಿಗೂ ಓದಿ ಹೇಳು.

ಸೇವಂತಿಗೆ ಮೊಗ್ಗು ಹಿಡಿಯುವುದು ರಾತ್ರಿ ಉದ್ದವಾದಾಗ. ನಮ್ಮ ಮೈಸೂರು, ನಿಮ್ಮ ಬೆಂಗಳೂರಿನ ಕಡೆ ಜೂನ್ ಕೊನೆಯಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ ಇರುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಅದು ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿದಿರುತ್ತದೆ. ಒಂದೂವರೆ ಗಂಟೆಯ ವ್ಯತ್ಯಾಸ ನಮ್ಮ ಗಮನಕ್ಕೆ ಅಷ್ಟಾಗಿ ಬರುವುದಿಲ್ಲ, ಸಂಜೆ ಬೇಗ ದೀಪ ಹಚ್ಚುತ್ತೇವೆ ಅಷ್ಟೆ. ಗಿಡಕ್ಕೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಎಲೆಯೊಳಗೆ ಫೈಟೊಕ್ರೋಮ್ ಎಂಬ ಪದಾರ್ಥವಿದೆ. ಕತ್ತಲೆ ಎಡೆಬಿಡದೆ ಎಷ್ಟು ಹೊತ್ತು ಇತ್ತು ಎಂಬುದು ಗಿಡಕ್ಕೆ ಗೊತ್ತಾಗುವುದು ಅದರಿಂದ. ಸಾಲಾಗಿ ಕೆಲವು ಉದ್ದನೆಯ ರಾತ್ರಿಗಳು ಕಳೆದರೆ ಎಲೆಯಿಂದ ಕುಡಿಗೆ ಸುದ್ದಿ ಮುಟ್ಟುತ್ತದೆ. ಅಲ್ಲಿಯವರೆಗೆ ಎಲೆಯನ್ನೇ ಬಿಡುತ್ತಿದ್ದ ಕುಡಿ ಮೊಗ್ಗು ಕಟ್ಟಲು ಶುರುಮಾಡುತ್ತದೆ.

ಹಗಲಿನ ಅಳತೆ ನೋಡಿ ಗಿಡ ಹೂ ಬಿಡುತ್ತದೆ ಎಂದು 1920ರಲ್ಲಿ ಬರೆದು ತೋರಿಸಿದವರು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್. ಅವರು ಅದನ್ನು ಮೊದಲು ಗಮನಿಸಿದ್ದು ಒಂದು ಹೊಗೆಸೊಪ್ಪಿನ ತಳಿಯಲ್ಲಿ. ಲೆಕ್ಕಕ್ಕೆ ಬರುವುದು ಹಗಲಲ್ಲ, ರಾತ್ರಿ ಎಂಬುದು ಸ್ಪಷ್ಟವಾದದ್ದು 1938ರಲ್ಲಿ, ಹ್ಯಾಮ್ನರ್ ಮತ್ತು ಬಾನರ್ ಎಂಬುವರ ಪ್ರಯೋಗದಿಂದ. ನಡುರಾತ್ರಿಯಲ್ಲಿ ಕೆಲವೇ ನಿಮಿಷ ಬೆಳಕು ಬಿಟ್ಟರೂ ಸಾಕಿತ್ತು, ಅವರು ಆರಿಸಿಕೊಂಡ ಗಿಡ ಹೂವಿಗೆ ಬರುತ್ತಿರಲಿಲ್ಲ. ಇದು ನಮ್ಮ ರೈತರಿಗೂ ಗೊತ್ತು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಹೋಗುವಾಗ ಹೊಲದ ತುಂಬ ಸಾಲುಸಾಲು ಬಲ್ಬು ಉರಿಯುವುದನ್ನು ನೀನೂ ನೋಡಿದ್ದೀಯ, ಇದೇನು ಮದುವೆ ಮನೆಯೇ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಅದು ಸೇವಂತಿಗೆ ಹೊಲ. ಗಿಡ ಎತ್ತರ ಬರುವವರೆಗೆ ಹೂ ಬೇಡ ಎಂದು ರಾತ್ರಿ ಬೆಳಕು ಕೊಟ್ಟು ಮೊಗ್ಗನ್ನು ತಡೆದು ನಿಲ್ಲಿಸುತ್ತಾರೆ. ಹಬ್ಬದ ಮಾರುಕಟ್ಟೆಗೆ ಲೆಕ್ಕ ಹಾಕಿ ಬಲ್ಬು ಆರಿಸುತ್ತಾರೆ. ಅವರು ತಿಳಿದು ಮಾಡುವ ಕೆಲಸವನ್ನು ನಿಮ್ಮ ಕಾಂಪೌಂಡಿನ ದೀಪ ನಿಮಗೆ ತಿಳಿಯದೆಯೇ ಮಾಡುತ್ತಿದೆ.

ಹುಣ್ಣಿಮೆ ಬೆಳದಿಂಗಳು ಇರುತ್ತದಲ್ಲ ಎಂದು ಕೇಳುತ್ತೀಯ. ಬೆಳದಿಂಗಳು ನಮ್ಮ ಕಣ್ಣಿಗೆ ಹಾಲು ಚೆಲ್ಲಿದಷ್ಟು ಕಂಡರೂ ಸೇವಂತಿಗೆಯನ್ನು ತಡೆಯುವಷ್ಟು ಬೆಳಕು ಅದರಲ್ಲಿಲ್ಲ. ಬೀದಿದೀಪ, ಗೇಟಿನ ದೀಪ, ಈಗ ಬಾಲ್ಕನಿಗೆಲ್ಲ ಸುತ್ತುವ ಸರದ ದೀಪ, ಇವುಗಳದ್ದೇ ತೊಂದರೆ.

ಹಾಗಾಗಿ ಮೊದಲು ಮಾಡಬೇಕಾದ್ದು ಇಷ್ಟು. ಕುಂಡವಾದರೆ ಎತ್ತಿ ಹಿತ್ತಿಲ ಕಡೆ, ಹಗಲು ಬಿಸಿಲು ಬೀಳುವ, ರಾತ್ರಿ ಬೆಳಕು ತಾಕದ ಜಾಗಕ್ಕೆ ಇಡು. ನೆಲದಲ್ಲಿರುವ ಗಿಡವಾದರೆ ದೀಪವನ್ನೇ ಆರಿಸು. ಕಳ್ಳರ ಭಯ ಎಂದು ನಿನ್ನ ಗಂಡ ಹೇಳಿದರೆ, ಯಾರಾದರೂ ಓಡಾಡಿದಾಗ ಮಾತ್ರ ಹೊತ್ತುವ ಸೆನ್ಸರ್ ದೀಪ ಹಾಕಿಸಲಿ, ಅದರ ಮುಖ ಗೇಟಿನ ಕಡೆ ತಿರುಗಿರಲಿ. ಇವತ್ತಿನಿಂದ ಕತ್ತಲೆ ಸಿಕ್ಕರೆ ಎಂಟು-ಹತ್ತು ವಾರದಲ್ಲಿ ಹೂ ನೋಡುತ್ತೀಯ. ಸಂಕ್ರಾಂತಿ ಹಬ್ಬಕ್ಕೆ ಆಗದಿದ್ದರೂ ರಥಸಪ್ತಮಿಯ ಹೊತ್ತಿಗೆ ಆದೀತು. ಬಾಣಂತಿ ಕೋಣೆಯ ಬಾಗಿಲನ್ನು ಗಳಿಗೆಗೊಮ್ಮೆ ತೆಗೆದು ಇಣುಕುತ್ತೇವೆಯೇ? ಗಿಡದ ರಾತ್ರಿಯನ್ನೂ ಹಾಗೇ ಅದಕ್ಕೆ ಬಿಟ್ಟುಕೊಡು.

ಚಳಿಗಾಲದ ಹಿತ್ತಿಲಿನಲ್ಲಿ ನನಗೆ ಅಷ್ಟೊಂದು ಇಷ್ಟವಾಗುವುದು ಇದೇ. ಅದರ ಚೆಲುವು ಬಹುಮಟ್ಟಿಗೆ ನಾವು ಮಲಗಿರುವಾಗ ತಯಾರಾಗುತ್ತದೆ. ಮಳೆಗಾಲದಲ್ಲಿ ಎಲ್ಲವೂ ಕಣ್ಣೆದುರೇ ಬೆಳೆಯುತ್ತದೆ, ಬೇಸಿಗೆಯಲ್ಲಿ ನೀರು ಹೊತ್ತು ಹೊತ್ತು ನಾವೇ ಉಳಿಸಿಕೊಳ್ಳಬೇಕು. ಮಾಗಿಯಲ್ಲಿ ಚಳಿ, ಇಬ್ಬನಿ, ಕತ್ತಲೆ ಮೂರೂ ಸೇರಿ ಕೆಲಸ ಮಾಡುತ್ತವೆ. ನಾವು ಅಡ್ಡ ಬರದಿದ್ದರೆ ಸಾಕು. ಈ ‘ಅಡ್ಡ ಬರದಿರುವುದು’ ನಿಮ್ಮ ಕಾಲದವರಿಗೆ ಕಷ್ಟದ ಕೆಲಸ ಎಂದು ನನಗೆ ಗೊತ್ತು. ಗಿಡ ಸೊರಗಿದರೆ ಕೂಡಲೇ ಔಷಧಿ ತರುತ್ತೀರಿ, ಹೂ ತಡವಾದರೆ ಗೊಬ್ಬರ ಸುರಿಯುತ್ತೀರಿ. ಪ್ರೀತಿಯಿಂದಲೇ ಮಾಡುತ್ತೀರಿ. ಆದರೆ ಹಟ್ಟಿ ಗೊಬ್ಬರ ಸಾಕಷ್ಟು ಬಿದ್ದ ಮಣ್ಣಿಗೆ ಮತ್ತೆ ಯೂರಿಯಾ ಕೊಟ್ಟರೆ ಗಿಡ ಎಲೆಯನ್ನೇ ಬಿಟ್ಟುಕೊಂಡು ಕೂರುತ್ತದೆ.

ಅವರೆಯೂ ಇದೇ ಜಾತಿಯದು, ರಾತ್ರಿಯ ಮಾತು ಕೇಳುವ ಗಿಡ. ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ನಾಟಿ ಅವರೆಯನ್ನು ಆಷಾಢದಲ್ಲಿ ಬಿತ್ತು, ಶ್ರಾವಣದಲ್ಲಿ ಬಿತ್ತು, ಅದು ಹೂವಿಗೆ ಬರುವುದು ಹಗಲು ಮೊಟಕಾದ ಮೇಲೆಯೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಮಾಡಿದ್ದಾರೆ. ಅವಕ್ಕೆ ಹಗಲು ರಾತ್ರಿಯ ಹಂಗಿಲ್ಲ, ವರ್ಷದಲ್ಲಿ ಯಾವಾಗ ಹಾಕಿದರೂ ಕಾಯಿ ಬಿಡುತ್ತವೆ. ರೈತರಿಗೆ ಅದರಿಂದ ಒಳ್ಳೆಯದಾಗಿದೆ, ಬೇಸಿಗೆಯಲ್ಲೂ ಅವರೆಕಾಯಿ ತಿನ್ನುವ ಹಾಗಾಗಿದೆ. ಆದರೆ ಮನೆಯಲ್ಲಿ ಎರಡು ಬಳ್ಳಿ ಹಾಕುವವಳು ನೀನು. ನಿನಗೆ ಮಾರುಕಟ್ಟೆಯ ಅವಸರವಿಲ್ಲ. ನಾಟಿ ಅವರೆಯನ್ನೇ ಹಾಕು.

ಏಕೆಂದರೆ ಸೊಗಡು ಇರುವುದು ಅದರಲ್ಲಿ. ಡಿಸೆಂಬರಿನ ಒಂದು ಬೆಳಿಗ್ಗೆ ಬಿಸಿಲೇರುವ ಮೊದಲು ಬಳ್ಳಿಯ ಹತ್ತಿರ ನಿಂತು ಒಂದು ಕಾಯಿ ಹಿಡಿದು ನೋಡು. ಕಾಯಿಯ ಅಂಚಿನ ಗುಂಟ ಬೆರಳಿಗೆ ಜಿಡ್ಡು ಅಂಟುತ್ತದೆ. ಆ ಎಣ್ಣೆಯಂಥ ಪಸೆಯೇ ಸೊಗಡು. ಚಳಿ ಹೆಚ್ಚಿದಷ್ಟೂ, ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುವುದು ನಮ್ಮ ಕಡೆಯ ಎಲ್ಲರ ಅನುಭವ. ಕಾಯಿ ಬಿಡಿಸಿದ ಮೇಲೆ ಎಷ್ಟು ಸೋಪು ಹಾಕಿ ತೊಳೆದರೂ ಕೈಯಲ್ಲಿ ವಾಸನೆ ಉಳಿಯುತ್ತದೆ, ಉಗುರಿನ ಸಂದು ಕಪ್ಪಾಗುತ್ತದೆ. ನೀನು ಚಿಕ್ಕವಳಿದ್ದಾಗ ಆ ಕೈ ಮೂಸಿಕೊಂಡೇ ನಿದ್ದೆ ಹೋಗುತ್ತಿದ್ದೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಅವರೆಕಾಯಿ ಮೇಳವೇ ನಡೆಯುತ್ತದಲ್ಲ, ಅಲ್ಲಿ ಅವರೆಬೇಳೆ ದೋಸೆಯಿಂದ ಜಿಲೇಬಿಯವರೆಗೆ ಮಾಡಿಡುತ್ತಾರೆ. ಹೋಗಿ ತಿನ್ನು. ಆದರೆ ಸ್ವಂತ ಬಳ್ಳಿಯ ಕಾಯಿಯನ್ನು ಕಿತ್ತ ದಿನವೇ ಹಿತುಕಿ, ಸಬ್ಬಸಿಗೆ ಸೊಪ್ಪು ಹಾಕಿ ಮಾಡಿದ ಸಾರಿನ ರುಚಿಗೆ ಅದ್ಯಾವುದೂ ಬರುವುದಿಲ್ಲ. ಸಬ್ಬಸಿಗೆಯೂ ಚಳಿಗಾಲದ್ದೇ. ಇವೆರಡೂ ಒಂದೇ ಕಾಲಕ್ಕೆ ಬರುವುದರಿಂದಲೇ ಒಂದೇ ಪಾತ್ರೆಗೆ ಬಿದ್ದವು ಎಂದು ನನ್ನ ನಂಬಿಕೆ.

ಜಾಗ ಇಲ್ಲ ಎನ್ನಬೇಡ. ಬಣ್ಣದ ಕೆಲಸದವರು ಬಿಟ್ಟುಹೋದ ಇಪ್ಪತ್ತು ಲೀಟರಿನ ಬಕೆಟ್ ತಾರಸಿಯ ಮೂಲೆಯಲ್ಲಿ ಬಿದ್ದಿದೆ, ನೋಡಿದ್ದೇನೆ. ಚೆನ್ನಾಗಿ ತೊಳೆದು, ತಳಕ್ಕೆ ತೂತು ಹಾಕಿ, ಮಣ್ಣು, ಮರಳು, ಹಟ್ಟಿ ಗೊಬ್ಬರ ಬೆರೆಸಿ ತುಂಬಿಸು. ಎರಡು ಬೀಜ ಊರಿ, ಬಟ್ಟೆ ಒಣಗಿಸುವ ತಂತಿಗೆ ಒಂದು ಹಗ್ಗ ಕಟ್ಟು. ಬಳ್ಳಿ ಹತ್ತಿಕೊಳ್ಳುತ್ತದೆ. ಅವರೆಯ ಹೂ ಎಷ್ಟು ಚೆಂದ ಎಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಕಾಯಿಯ ಮೇಲೇ ಕಣ್ಣು. ಬಿಳಿಯದು, ನೇರಳೆಯದು, ಎಲೆಯಿಂದ ಮೇಲಕ್ಕೆ ಎದ್ದು ನಿಂತ ಗೊನೆ. ಅದರ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಗುಲಾಬಿ ಗಿಡದ ಕಡೆ ತಿರುಗಿ ನೋಡಬೇಕು ಎಂದೂ ಅನ್ನಿಸುವುದಿಲ್ಲ.

ಬೇಗ ಏಳು ಎಂದು ನಿನಗೆ ಹೇಳಿದರೆ ಅಜ್ಜಿಯ ಹಳೆಯ ಪುರಾಣ ಎನ್ನುತ್ತೀಯ. ಚಳಿಗಾಲದಲ್ಲಿ ನಾನು ಬಹಳ ಬೇಗ ಏಳು ಎನ್ನುವುದಿಲ್ಲ. ಬೆಂಗಳೂರಿನಲ್ಲಿ ಸೂರ್ಯ ವರ್ಷದಲ್ಲೇ ಅತಿ ತಡವಾಗಿ ಹುಟ್ಟುವುದು ಸಂಕ್ರಾಂತಿ ಕಳೆದ ಮೇಲೆ, ಜನವರಿಯ ಕೊನೆಯ ಭಾಗದಲ್ಲಿ, ಆರೂ ಮುಕ್ಕಾಲರ ಸುಮಾರಿಗೆ. ಆರೂವರೆಗೆ ಎದ್ದು ಶಾಲು ಹೊದ್ದು ಹೊರಗೆ ಬಂದರೆ ಸಾಕು. ಫೋನು ಒಳಗೇ ಇರಲಿ.

ಹೊರಗೆ ಬಂದು ಟೊಮ್ಯಾಟೊ ಗಿಡದ ಎಲೆ ನೋಡು. ಎಲೆಯ ಮೇಲೆಲ್ಲ ಸಣ್ಣದಾಗಿ ಹರಡಿರುವ ತೇವ ಇಬ್ಬನಿ, ಗಾಳಿಯಿಂದ ಇಳಿದದ್ದು. ಎಲೆಯ ಅಂಚಿನ ಒಂದೊಂದು ತುದಿಯಲ್ಲಿ ದಪ್ಪ ದಪ್ಪ ಹನಿ ಕೂತಿರುತ್ತದಲ್ಲ, ಅದು ಬೇರೆ. ಅದು ಗಿಡ ತಾನೇ ಹೊರಗೆ ಬಿಟ್ಟ ನೀರು. ರಾತ್ರಿಯಲ್ಲಿ ಎಲೆಯಿಂದ ನೀರು ಆವಿಯಾಗುವುದು ಕಡಿಮೆ, ಆದರೆ ಬೆಚ್ಚಗಿರುವ ಮಣ್ಣಿನಿಂದ ಬೇರು ನೀರೆಳೆಯುತ್ತಲೇ ಇರುತ್ತದೆ. ಹೆಚ್ಚಾದ ನೀರು ಅಂಚಿನ ಸಣ್ಣ ರಂಧ್ರಗಳಲ್ಲಿ ಹನಿಯಾಗಿ ಹೊರಬರುತ್ತದೆ. ಗರಿಕೆಯ ತುದಿಯಲ್ಲೂ ಇದನ್ನು ನೋಡಬಹುದು. ಮಗುವನ್ನು ಎತ್ತಿಕೊಂಡು ಬಂದು ಇವೆರಡು ಹನಿಗಳ ವ್ಯತ್ಯಾಸ ತೋರಿಸು. ಬಿಸಿಲೇರಿದ ಮೇಲೆ ಎರಡೂ ಇರುವುದಿಲ್ಲ.

ಮಲ್ಲಿಗೆ ಬಿಡಲಿಲ್ಲ ಎಂದು ಚಳಿಗಾಲದಲ್ಲಿ ಕೊರಗಬೇಡ. ದುಂಡುಮಲ್ಲಿಗೆಗೆ ಬೇಕಾದ್ದು ಸೆಖೆ, ಚಳಿಯಲ್ಲಿ ಅದರ ಇಳುವರಿ ಇಳಿಯುತ್ತದೆ, ಪೇಟೆಯಲ್ಲಿ ಮೊಳದ ಬೆಲೆ ಏರುತ್ತದೆ. ಆ ಖಾಲಿಯನ್ನು ತುಂಬಲು ಕಾಕಡ ಇದೆ, ಮಾಗಿ ಮಲ್ಲಿಗೆ ಎಂದೂ ಕರೆಯುತ್ತಾರೆ. ಘಮ ಕಡಿಮೆ, ಆದರೆ ಗೊಂಚಲು ಗೊಂಚಲಾಗಿ ಬಿಟ್ಟು ಗಿಡವನ್ನೇ ಬೆಳ್ಳಗೆ ಮಾಡುತ್ತದೆ. ಸ್ಫಟಿಕದ ಹೂವನ್ನು ಈಗ ಯಾರೂ ಹಾಕುತ್ತಿಲ್ಲ. ತಿಳಿನೇರಳೆ, ಬಿಳಿ, ಹಳದಿ, ಯಾವುದೇ ಆಗಲಿ, ಬೇಲಿಯ ಬದಿಯಲ್ಲಿ ಒಂದು ಕಡ್ಡಿ ನೆಟ್ಟರೆ ಯಾರ ಹಂಗೂ ಇಲ್ಲದೆ ಮಾಗಿಯುದ್ದಕ್ಕೂ ಹೂ ಕೊಡುತ್ತದೆ. ಕನಕಾಂಬರದ ಜೊತೆ ಸೇರಿಸಿ ಕಟ್ಟಿದರೆ ಮಾಲೆಗೆ ಬಣ್ಣ ಬರುತ್ತದೆ. ಗುಲಾಬಿಯ ಹೂ ಚಳಿಯಲ್ಲಿ ದಪ್ಪ, ಬಣ್ಣ ಗಾಢ, ಗಿಡದಲ್ಲಿ ಬಾಳಿಕೆಯೂ ಹೆಚ್ಚು. ಅದಕ್ಕೆ ಅಕ್ಟೋಬರಿನಲ್ಲಿ ಸವರಿರಬೇಕು, ನೀನು ಸವರಿಲ್ಲ, ಈ ವರ್ಷ ಸಿಕ್ಕಿದ್ದನ್ನು ನೋಡು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಡಿಸೆಂಬರಿನ ತೋಟವನ್ನು ಡಿಸೆಂಬರಿನಲ್ಲಿ ಮಾಡಲು ಬರುವುದಿಲ್ಲ. ನರ್ಸರಿಯಿಂದ ಹೂ ತುಂಬಿದ ಕುಂಡ ತಂದು ಮೆಟ್ಟಿಲ ಮೇಲೆ ಸಾಲಾಗಿ ಇಡುವುದು ಬೇಡ ಎನ್ನುವುದಿಲ್ಲ, ಮನೆಗೆ ಬಂದವರ ಕಣ್ಣಿಗೆ ಹಬ್ಬ. ಆದರೆ ಆ ಗಿಡ ನಿನ್ನ ಮನೆಯಲ್ಲಿ ಕಳೆಯುವುದು ಅದರ ಕೊನೆಯ ದಿನಗಳನ್ನು. ಗೂಡಿನಲ್ಲಿ ಬೆಳೆಸಿ, ಗಿಡ್ಡವಾಗಿರಲೆಂದು ಔಷಧಿ ಕೊಟ್ಟು, ತೆಂಗಿನ ನಾರಿನ ಪುಡಿಯಲ್ಲಿ ಕೂರಿಸಿ ಕಳಿಸಿರುತ್ತಾರೆ. ಹೂ ಬಾಡಿದ ಕೂಡಲೇ ನೀನು ಕುಂಡ ಎತ್ತಿ ಹೊರಗೆ ಹಾಕುತ್ತೀಯ. ಅಲ್ಲಿಗೆ ಗಿಡದ ಜೊತೆ ನಿನಗೆ ಪರಿಚಯವೇ ಆಗಲಿಲ್ಲ. ಕುಡಿ ಚಿವುಟಿದ್ದು, ಮೊಗ್ಗು ಬಂದಿತೇ ಎಂದು ಎಲೆ ಸರಿಸಿ ನೋಡಿದ್ದು, ಮೊದಲ ಮೊಗ್ಗಿನ ತುದಿಯಲ್ಲಿ ಬಣ್ಣ ಕಂಡದ್ದು, ಇವು ಯಾವುವೂ ಸಿಗಲಿಲ್ಲ. ಚೆಲುವಿನ ಅರ್ಧಪಾಲು ಕಾಯುವುದರಲ್ಲಿ ಇರುವಾಗ ಅದನ್ನು ಬಿಟ್ಟು ಉಳಿದರ್ಧಕ್ಕೆ ಯಾಕೆ ದುಡ್ಡು ಕೊಡುತ್ತೀಯ?

ಸೇವಂತಿಗೆಯ ಕ್ರಮ ಹೇಳುತ್ತೇನೆ, ಇದೊಂದನ್ನು ಬರೆದಿಟ್ಟುಕೋ. ಹೂ ಮುಗಿದ ಮೇಲೆ ಗಿಡವನ್ನು ಗೇಣಿನಷ್ಟು ಬಿಟ್ಟು ಕತ್ತರಿಸು. ಫೆಬ್ರುವರಿ, ಮಾರ್ಚಿನ ಹೊತ್ತಿಗೆ ಬುಡದ ಸುತ್ತ ಮಣ್ಣಿನಿಂದ ಮರಿಗಳು ಏಳುತ್ತವೆ. ಬೇಸಿಗೆಯಲ್ಲಿ ಅರೆನೆರಳಿನಲ್ಲಿ ಕಾಪಾಡು. ಮುಂಗಾರು ಹಿಡಿದ ಮೇಲೆ, ಜೂನ್ ಕೊನೆ ಇಲ್ಲವೇ ಜುಲೈಯಲ್ಲಿ, ಬೇರಿನ ಸಮೇತ ಮರಿ ಬಿಡಿಸಿ ಹೊಸ ಜಾಗಕ್ಕೆ ನೆಡು. ತಾಯಿಗಿಡವನ್ನೇ ವರ್ಷಾನುಗಟ್ಟಲೆ ಇಟ್ಟರೆ ಹೂ ಸಣ್ಣದಾಗುತ್ತಾ ಹೋಗುತ್ತದೆ. ನೆಟ್ಟು ಒಂದು ತಿಂಗಳಾದ ಮೇಲೆ ತುದಿಯ ಕುಡಿ ಚಿವುಟು. ಪಕ್ಕದಿಂದ ಕವಲೊಡೆಯುತ್ತದೆ. ಆ ಕವಲುಗಳ ಕುಡಿಯನ್ನು ಮತ್ತೊಮ್ಮೆ ಚಿವುಟು. ಎಳೆ ಕುಡಿಯನ್ನು ಉಗುರಿನಲ್ಲಿ ಮುರಿಯುವಾಗ ಮನಸ್ಸು ಹಿಂಜರಿಯುತ್ತದೆ, ಚಿವುಟದೆ ಬಿಟ್ಟರೆ ಒಂದೇ ಕಡ್ಡಿ ಉದ್ದಕ್ಕೆ ಬೆಳೆದು ಗಾಳಿಗೆ ಬೀಳುತ್ತದೆ. ಗಣೇಶನ ಹಬ್ಬ ಕಳೆದ ಮೇಲೆ ಚಿವುಟಬೇಡ. ಆಮೇಲಿನದ್ದು ರಾತ್ರಿಗೆ ಬಿಟ್ಟ ಕೆಲಸ.

ಬೀಜದಿಂದ ಬರುವ ಹೂಗಳಿಗೆ ಸೆಪ್ಟೆಂಬರಿನಲ್ಲಿ ಒಟ್ಲು ಹಾಕು: ಚೆಂಡುಹೂ, ಆಸ್ಟರ್, ಜೀನಿಯಾ, ಪೆಟೂನಿಯಾ, ಫ್ಲಾಕ್ಸ್. ಆಸ್ಟರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳು ಒಳ್ಳೆಯವು, ಕಾಮಿನಿ, ಪೂರ್ಣಿಮಾ, ಶಶಾಂಕ್ ಎಂದು ಹೆಸರು. ನಿಮ್ಮ ಊರಿನಿಂದ ಹೆಸರಘಟ್ಟ ಎಷ್ಟು ದೂರ, ಒಂದು ದಿನ ಹೋಗಿ ಬನ್ನಿ. ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿ ಇವನ್ನು ಅಕ್ಟೋಬರಿನಿಂದ ಹದಿನೈದು ದಿನಕ್ಕೊಮ್ಮೆ ಒಂದೊಂದು ಹಿಡಿ ಹಾಕುತ್ತಾ ಬಂದರೆ ಮಾಗಿಯುದ್ದಕ್ಕೂ ಸೊಪ್ಪಿಗೆ ಕೊರತೆಯಿಲ್ಲ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತು. ಬೇಸಿಗೆಯಲ್ಲಿ ಬೇಗ ಹೂವಿಗೆ ಹೋಗಿಬಿಡುವ ಕೊತ್ತಂಬರಿ ಚಳಿಯಲ್ಲಿ ನಿಧಾನವಾಗಿ ಎಲೆ ಬಿಡುತ್ತದೆ, ಘಮವೂ ಚೆನ್ನಾಗಿರುತ್ತದೆ.

ನೀರಿನ ವಿಷಯದಲ್ಲಿ ನಿಮ್ಮ ಕೈ ಬಹಳ ದೊಡ್ಡದು. ಚಳಿಯಲ್ಲಿ ಮಣ್ಣು ಬೇಗ ಒಣಗುವುದಿಲ್ಲ. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡು, ತಂಪಾಗಿದ್ದರೆ ಆ ದಿನ ನೀರು ಬೇಡ. ಕೊಡುವಾಗ ಬೆಳಿಗ್ಗೆ ಕೊಡು, ಬುಡಕ್ಕೆ ಕೊಡು. ಸಂಜೆ ಪೈಪು ಹಿಡಿದು ಎಲೆ ಮೇಲೆ ಚಿಮುಕಿಸಿದರೆ ರಾತ್ರಿಯಿಡೀ ಎಲೆ ಒದ್ದೆ, ಅದರ ಮೇಲೆ ಇಬ್ಬನಿ ಬೇರೆ. ಸೇವಂತಿಗೆಯ ಕೆಳಗಿನ ಎಲೆಗಳು ಕಪ್ಪು ಚುಕ್ಕೆ ಬಂದು ಒಣಗುವುದು ಹೀಗೇ. ಅಂಥ ಎಲೆಗಳನ್ನು ಆಗಾಗ ಕಿತ್ತು ತೆಗೆ. ಅವರೆಯ ಕುಡಿಗೆ ಕರಿ ಹೇನು ಮುತ್ತಿದರೆ ಗಾಬರಿಯಾಗಬೇಡ. ಮೊದಲು ಕುಡಿಯನ್ನು ಬೆರಳಲ್ಲಿ ಸವರಿ ತೆಗೆ, ಮೂರ್ನಾಲ್ಕು ದಿನ ನೋಡು. ಗುಲಗಂಜಿ ಹುಳ ತಾನಾಗೇ ಹುಡುಕಿಕೊಂಡು ಬರುತ್ತದೆ, ಅದರ ಮರಿಗಳಿಗೆ ಹೇನೇ ಊಟ. ವಿಷ ಹೊಡೆದರೆ ಹೇನಿಗಿಂತ ಮೊದಲು ಹೋಗುವುದು ಅವು. ತೀರಾ ಆದರೆ ಬೇವಿನೆಣ್ಣೆ ಸಾಕು.

ನಿಮ್ಮ ಮಾವನವರು ನೆಟ್ಟ ಬಾದಾಮಿ ಮಾವಿಗೆ ಮಾತ್ರ ಈಗ ನೀರೇ ಬೇಡ ಎಂದು ಹೇಳು. ನವೆಂಬರ್, ಡಿಸೆಂಬರಿನ ಒಣ ಚಳಿಯಲ್ಲಿ ಮರ ದಣಿವಾರಿಸಿಕೊಂಡರೆ ಹೂ ತೆನೆ ಚೆನ್ನಾಗಿ ಬರುತ್ತದೆ. ಈಗ ನೀರು ಕೊಟ್ಟರೆ ಕೆಂಪು ಚಿಗುರು ಹೊರಡುತ್ತದೆ, ಹೂ ಹಿಂದೆ ಬೀಳುತ್ತದೆ. ಕಾಯಿ ಬಟಾಣಿಯಷ್ಟಾದ ಮೇಲೆ ನೀರು ಕೊಡಲಿ.

ಎಲೆ ಉದುರುವ ಕಾಲವೂ ಈಗಲೇ ಶುರು. ಹೊಂಗೆ, ಬಾದಾಮಿ ಎಲೆ ಗುಡಿಸಿ ಬೆಂಕಿ ಹಾಕಬೇಡ. ಅಕ್ಕಪಕ್ಕದವರು ಹಾಕಿದರೆ ಹೋಗಿ ಕೇಳಿ ತೆಗೆದುಕೊಂಡು ಬಾ, ಕೊಡುವುದಿಲ್ಲ ಎನ್ನುವವರಿಲ್ಲ. ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಸಿದರೆ ಬೇಸಿಗೆಗೆ ಅರ್ಧ ನೀರು ಉಳಿಯುತ್ತದೆ. ಅಷ್ಟೇ ಅಲ್ಲ, ಒಂದು ಮೂಲೆಯಲ್ಲಿ ಎಲೆ ಹಾಗೇ ಬಿದ್ದಿರಲಿ. ಚಳಿಗಾಲಕ್ಕೆ ಉತ್ತರದಿಂದ ಬರುವ ನೆಂಟರಿದ್ದಾರೆ. ಬಾಲ ಕುಣಿಸುತ್ತಾ ತಾರಸಿಯ ನೀರಿನ ಹತ್ತಿರ ಓಡಾಡುವ ಬೂದು ಸಿಪಿಲೆ, ಹೊಂಗೆಯ ಎಲೆಗಳ ನಡುವೆ ಕಣ್ಣಿಗೆ ಬೀಳದೆ ಚಿಟ್ ಚಿಟ್ ಎನ್ನುವ ಉಲಿಯಕ್ಕಿ. ಅದೃಷ್ಟವಿದ್ದರೆ ನವರಂಗ ಕೂಡ ಬರುತ್ತದೆ, ಅಷ್ಟು ಬಣ್ಣ ಹೊತ್ತುಕೊಂಡು ತರಗೆಲೆ ಕೆದಕಿ ಹುಳ ಹುಡುಕುವ ಹಕ್ಕಿ. ಸಿಮೆಂಟು ಬಳಿದು ಗುಡಿಸಿಟ್ಟ ಅಂಗಳದಲ್ಲಿ ಅದಕ್ಕೆ ಏನು ಕೆಲಸ? ಇವು ಕೂಡ ಹೂವಿನಷ್ಟೇ ಹಿತ್ತಿಲಿನ ಚೆಲುವು.

ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಮಗುವನ್ನು ಕರೆದುಕೊಂಡು ಹೋಗುತ್ತೀರಿ, ಗೊತ್ತು. 1889ರ ಗಾಜಿನ ಮನೆಯೊಳಗಿನ ಜನಜಂಗುಳಿಯಲ್ಲಿ ಒಂದು ಸುತ್ತು ಬಂದ ಮೇಲೆ ಹೊರಗಿನ ಮರಗಳನ್ನೂ ನೋಡಿ. 1908ರಿಂದ 1932ರವರೆಗೆ ಅಲ್ಲಿದ್ದ ಜರ್ಮನಿಯ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಿಗೆ ಮರ ಆರಿಸುವಾಗ ಒಂದರ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಯೋಚಿಸಿದವರು. ನಿಮ್ಮ ಪಟ್ಟಿ ಮಣ್ಣಿನಲ್ಲೂ ಅದನ್ನೇ ಮಾಡಬಹುದು. ನವೆಂಬರಿಗೆ ಚೆಂಡುಹೂ, ಡಿಸೆಂಬರಿಗೆ ಸೇವಂತಿಗೆ, ಕಾಕಡ, ಜನವರಿಗೆ ಆಸ್ಟರ್, ಗುಲಾಬಿ. ಎಲ್ಲ ಒಂದೇ ವಾರದಲ್ಲಿ ಅರಳಿ ಫೋಟೊಗೆ ಚೆಂದ ಕಂಡು ಮುಗಿದುಹೋಗುವುದಕ್ಕಿಂತ ಮೂರು ತಿಂಗಳು ದಿನಕ್ಕೊಂದು ಹೊಸ ಹೂ ಕಾಣುವುದು ನನಗೆ ಮೇಲು.

ಹೂ ಕೀಳುವುದರಲ್ಲಿ ಜಿಪುಣತನ ಬೇಡ, ಆದರೆ ಗಿಡವನ್ನು ಬೋಳು ಮಾಡಬೇಡ. ದೇವರಿಗೆ ಒಂದಿಷ್ಟು, ಮುಡಿಯಲು ಒಂದಿಷ್ಟು, ಉಳಿದದ್ದು ಜೇನಿಗೆ. ಧನುರ್ಮಾಸದಲ್ಲಿ ನಸುಕಿನಲ್ಲೇ ದೇವಸ್ಥಾನಕ್ಕೆ ಹೋಗುವವರು ಕಾಂಪೌಂಡಿನ ಮೇಲಿಂದ ಕೈ ಚಾಚಿ ನಾಲ್ಕು ಹೂ ಕಿತ್ತರೆ ಬೈಯಬೇಡ. ‘ನಾಳೆ ಬನ್ನಿ, ನಾನೇ ಕಿತ್ತಿಟ್ಟಿರುತ್ತೇನೆ’ ಎನ್ನು. ಹೀಗೆ ಪರಿಚಯವಾದ ಎಷ್ಟೋ ಜನ ನನಗೆ ಮುಂದೆ ಗಿಡ ಕೊಟ್ಟಿದ್ದಾರೆ. ನಮ್ಮ ಹಿತ್ತಿಲಿನ ಬಿಳಿ ಸೇವಂತಿಗೆ ಎದುರು ಮನೆಯವರು ಕೊಟ್ಟ ಮರಿಯಿಂದ ಬಂದದ್ದು. ಅವರು ಮನೆ ಮಾರಿಕೊಂಡು ಹೋದರು, ಅವರ ಹೂ ಈಗ ನಮ್ಮ ಬೀದಿಯ ಬಹಳ ಮನೆಗಳಲ್ಲಿದೆ.

ಇನ್ನೊಂದು ಮಾತು. ನಿಮ್ಮ ಅತ್ತೆಗೆ ಮೊಣಕಾಲು ನೋವು, ಒಳಗೇ ಟಿವಿ ಮುಂದೆ ಕೂರುತ್ತಾರೆ ಎಂದೆ. ಚಳಿಗಾಲದ ಎಳೆಬಿಸಿಲು ಬೀಳುವ ಜಾಗದಲ್ಲಿ, ಗಿಡಗಳ ಪಕ್ಕದಲ್ಲೇ, ಬೆನ್ನಿಗೆ ಆಸರೆ ಇರುವ ಒಂದು ಕುರ್ಚಿ ಹಾಕು. ಅವರ ಮಡಿಲಿಗೆ ಅವರೆಕಾಯಿ ಮೊರ ಇಡು. ತೋಟಕ್ಕೆ ಬನ್ನಿ ಎಂದು ಕರೆದರೆ ಬರದಿದ್ದವರು ಕಾಯಿ ಸುಲಿಯಲು ಬರುತ್ತಾರೆ. ಸುಲಿಯುತ್ತಾ ಕೂತವರು ಯಾವ ಗಿಡಕ್ಕೆ ಏನಾಗಿದೆ ಎಂದು ನಿನಗಿಂತ ಮೊದಲು ಕಂಡುಹಿಡಿಯುತ್ತಾರೆ. ನನಗಿಂತ ಚೆನ್ನಾಗಿ ಅವರೇ ನಿನಗೆ ಹೇಳಿಕೊಟ್ಟಾರು, ಹಾಸನದ ಕಡೆಯವರು, ಹೊಲ ಮನೆ ನೋಡಿ ಬೆಳೆದವರು. ಅವರನ್ನು ಕೇಳು.

ಸಂಕ್ರಾಂತಿಗೆ ಬರುತ್ತೇನೆ. ಮಗುವಿಗೆ ಎರೆಯಲು ಎಲಚಿ ಹಣ್ಣು ಇಲ್ಲಿಂದಲೇ ತರುತ್ತೇನೆ, ನೀನು ಕೊಳ್ಳಬೇಡ, ಪೇಟೆಯ ಹಣ್ಣಿನಲ್ಲಿ ಹುಳ ಹೆಚ್ಚು. ಕಾಕಡದ ಕಡ್ಡಿ ಬೇರು ಬಿಡಿಸಿ ಎರಡು ಕವರಿನಲ್ಲಿ ಇಟ್ಟಿದ್ದೇನೆ, ಒಂದು ನಿನಗೆ, ಇನ್ನೊಂದು ಪಕ್ಕದ ಮನೆಯವರಿಗೆ. ನಾಟಿ ಅವರೆಯ ಬೀಜವನ್ನು ಬೂದಿ ಬೆರೆಸಿ ಡಬ್ಬಿಗೆ ಹಾಕಿದ್ದೇನೆ. ಅದನ್ನು ಅಡುಗೆಮನೆಯಲ್ಲಿ ಇಡಬೇಡ, ಯಾರಾದರೂ ಸಾರಿಗೆ ಹಾಕಿಬಿಡುತ್ತಾರೆ. ಒಣ ಜಾಗದಲ್ಲಿ ಇಟ್ಟು ಡಬ್ಬಿಯ ಮೇಲೆ ‘ಜುಲೈ’ ಎಂದು ದಪ್ಪಕ್ಷರದಲ್ಲಿ ಬರೆ.